ಅಸ್ತಮಾ ಯಾರಿಗೆ ಬರುತ್ತದೆ? ನಮ್ಮ ನಮ್ಮ ಅಪಾಯವನ್ನು ಅಳೆಯುವ ಬಗೆ

ಮಗುವಿಗೆ ಅಸ್ತಮಾ ಇದೆಯೆಂದು ವೈದ್ಯರು ತಿಳಿಸಿದ ದಿನ ಮನೆಯಲ್ಲಿ ಕೇಳಿಬರುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ನಮ್ಮ ಕಡೆ ಯಾರಿಗೂ ಇದು ಇಲ್ಲವಲ್ಲ, ಇವನಿಗೆ ಎಲ್ಲಿಂದ ಬಂತು?" ಮತ್ತೊಂದು ಮನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತು: "ಅಪ್ಪನಿಗೆ ಗೂರಲಿತ್ತು, ಇಂದಲ್ಲ ನಾಳೆ ನನಗೂ ತಪ್ಪಿದ್ದಲ್ಲ." ಮೊದಲನೆಯ ಮಾತಿನಲ್ಲಿ ಅಚ್ಚರಿಯಿದೆ, ಎರಡನೆಯದರಲ್ಲಿ ಶರಣಾಗತಿಯಿದೆ. ಎರಡೂ ತಪ್ಪು ಲೆಕ್ಕಗಳೇ. ಅಸ್ತಮಾ ಒಂದೇ ಕಾರಣದಿಂದ ಬರುವ ರೋಗವಲ್ಲ. ಹುಟ್ಟಿನೊಂದಿಗೆ ಬಂದದ್ದು, ಬಾಲ್ಯದಲ್ಲಿ ಸೇರಿಕೊಂಡದ್ದು, ಊರು ಕೊಟ್ಟದ್ದು, ದುಡಿಮೆ ಕೊಟ್ಟದ್ದು ಎಲ್ಲವೂ ಕೂಡಿ ಒಂದು ಮಟ್ಟವನ್ನು ಮುಟ್ಟಿದಾಗ ಅದು ಕಾಣಿಸಿಕೊಳ್ಳುತ್ತದೆ. ಈ ಬಾಬ್ತುಗಳಲ್ಲಿ ಕೆಲವನ್ನು ಬದಲಿಸಲಾಗದು. ಕೆಲವನ್ನು ಖಂಡಿತವಾಗಿ ಬದಲಿಸಬಹುದು.

ಇದು ಅಪರೂಪದ ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಾದ್ಯಂತ 26.2 ಕೋಟಿ ಜನರಿಗೆ ಅಸ್ತಮಾ ಇತ್ತು. ಆ ಒಂದೇ ವರ್ಷದಲ್ಲಿ 4.55 ಲಕ್ಷ ಮಂದಿ ಅದಕ್ಕೆ ಬಲಿಯಾದರು. ಅದೇ ವರ್ಷದ ಜಾಗತಿಕ ರೋಗಹೊರೆಯ ಅಧ್ಯಯನವು ಭಾರತದ ರೋಗಿಗಳ ಸಂಖ್ಯೆಯನ್ನು ಸುಮಾರು 3.4 ಕೋಟಿ ಎಂದು ಲೆಕ್ಕಹಾಕಿತು. ಜಗತ್ತಿನ ಒಟ್ಟು ರೋಗಿಗಳಲ್ಲಿ ನಮ್ಮ ಪಾಲು ಶೇ. 13ರಷ್ಟಾದರೆ, ಸಾವುಗಳಲ್ಲಿ ನಮ್ಮ ಪಾಲು ಶೇ. 40ನ್ನು ಮೀರುತ್ತದೆ ಎಂಬುದು ಆ ಲೆಕ್ಕದಲ್ಲಿ ಕಾಣುವ ಕಹಿ ಸತ್ಯ. ರೋಗವನ್ನು ತಡವಾಗಿ ಗುರುತಿಸುವುದು ಮತ್ತು ಗುರುತಿಸಿದ ಮೇಲೂ ಇನ್‌ಹೇಲರ್ ಬಳಸಲು ಹಿಂಜರಿಯುವುದು ಈ ಅಂತರಕ್ಕೆ ದೊಡ್ಡ ಕಾರಣಗಳು. ಬೇಗನೆ ಗುರುತಿಸಬೇಕಾದರೆ ಯಾರ ಮೇಲೆ ಕಣ್ಣಿಡಬೇಕೆಂಬುದು ಮನೆಯವರಿಗೆ ತಿಳಿದಿರಬೇಕಾಗುತ್ತದೆ.

ತರುವುದು ಬೇರೆ, ಕೆರಳಿಸುವುದು ಬೇರೆ

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಅಸ್ತಮಾ ಇರುವವರ ಶ್ವಾಸನಾಳಗಳ ಒಳಪದರ ಸದಾ ಸ್ವಲ್ಪ ಊದಿಕೊಂಡು, ಅತಿಯಾಗಿ ಸೂಕ್ಷ್ಮವಾಗಿರುತ್ತದೆ. ಇಂಥ ನಾಳಗಳಿಗೆ ತಣ್ಣನೆಯ ಗಾಳಿ ತಾಗಿದರೂ, ಓಡಿದರೂ, ಜೋರಾಗಿ ನಕ್ಕರೂ, ಊದುಬತ್ತಿಯ ಹೊಗೆ ಸೋಕಿದರೂ ಅವು ಬಿಗಿದುಕೊಳ್ಳುತ್ತವೆ. ಆಗ ಉಬ್ಬಸ ಬರುತ್ತದೆ. ಆದರೆ ತಣ್ಣನೆಯ ಗಾಳಿಯಾಗಲಿ, ಓಟವಾಗಲಿ ಅಸ್ತಮಾವನ್ನು ಉಂಟುಮಾಡಿದ್ದಲ್ಲ. ಒಳಗೆ ಇದ್ದುದನ್ನು ಕೆರಳಿಸಿದ್ದು ಮಾತ್ರ. ನಮ್ಮ ಮನೆಗಳಲ್ಲಿ ಬಾಳೆಹಣ್ಣು, ಮೊಸರು, ಸೀತಾಫಲಗಳ ಮೇಲೆ ಹೊರಿಸುವ ಅಪವಾದವಂತೂ ಬಹುಪಾಲು ನಿರಾಧಾರ. ಯಾವುದೋ ಒಂದು ಆಹಾರ ಯಾರಿಗೋ ಒಗ್ಗದಿರಬಹುದು, ಅದು ಬೇರೆ ಮಾತು. ಆದರೆ ತಂಪು ಪದಾರ್ಥವೆಂಬ ಕಾರಣಕ್ಕೆ ಬೆಳೆಯುವ ಮಗುವಿನ ತಟ್ಟೆಯಿಂದ ಹಣ್ಣು, ಮೊಸರನ್ನು ವರ್ಷಗಟ್ಟಲೆ ದೂರವಿಡುವುದರಿಂದ ಅಸ್ತಮಾ ತಪ್ಪುವುದಿಲ್ಲ. ಇಲ್ಲಿ ನಾವು ವಿಚಾರ ಮಾಡುತ್ತಿರುವುದು ಕೆರಳಿಸುವ ಸಂಗತಿಗಳನ್ನಲ್ಲ. ರೋಗ ಬರುವ ಸಾಧ್ಯತೆಯನ್ನೇ ಹೆಚ್ಚಿಸುವ ಸಂಗತಿಗಳನ್ನು.

ವಂಶದ ಪಾಲು

ತಂದೆ ಅಥವಾ ತಾಯಿಗೆ ಅಸ್ತಮಾ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ಇಬ್ಬರಿಗೂ ಇದ್ದರೆ ಇನ್ನಷ್ಟು ಹೆಚ್ಚುತ್ತದೆ. ಇದು ನಿರ್ವಿವಾದ. ಆದರೆ ವಂಶದಿಂದ ಬರುವುದು ರೋಗವಲ್ಲ, ರೋಗಕ್ಕೆ ಒಲಿಯುವ ದೇಹಪ್ರಕೃತಿ. 2007ರಲ್ಲಿ ವಿಜ್ಞಾನಿಗಳು ನಮ್ಮ 17ನೆಯ ವರ್ಣತಂತುವಿನ ಒಂದು ಭಾಗಕ್ಕೂ ಬಾಲ್ಯದ ಅಸ್ತಮಾಕ್ಕೂ ಇರುವ ನಂಟನ್ನು ಗುರುತಿಸಿದರು. ಮರುವರ್ಷ ಪ್ರಕಟವಾದ ಮತ್ತೊಂದು ಅಧ್ಯಯನ ಇನ್ನೂ ಕುತೂಹಲಕರವಾದುದು. ಎಳವೆಯಲ್ಲಿ ಮನೆಯೊಳಗಿನ ತಂಬಾಕಿನ ಹೊಗೆಯನ್ನು ಉಸಿರಾಡಿದ ಮಕ್ಕಳಲ್ಲಿ ಆ ವಂಶವಾಹಿಯ ಪ್ರಭಾವ ಹೆಚ್ಚು ಪ್ರಬಲವಾಗಿತ್ತು. ಒಂದೇ ಬಗೆಯ ಬೀಜ, ಎರಡು ಬಗೆಯ ನೆಲ. ಬೀಜವನ್ನು ಬದಲಿಸಲಾಗದು, ಮನೆಯೊಳಗೆ ಬೀಡಿ, ಸಿಗರೇಟು ಸೇದುವುದನ್ನು ನಿಲ್ಲಿಸಬಹುದು.

ನಮ್ಮಲ್ಲಿ ವಂಶದ ಪಾಲನ್ನು ಅಳೆಯುವುದಕ್ಕೆ ದೊಡ್ಡ ಅಡ್ಡಿಯೊಂದಿದೆ. ಅದು ವೈದ್ಯಕೀಯವಾದುದಲ್ಲ, ಸಾಮಾಜಿಕವಾದುದು. ಗೂರಲು ಇದೆಯೆಂದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಭಯದಿಂದ, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ರೋಗವನ್ನು ಮುಚ್ಚಿಡುವ ಪರಿಪಾಠ ಎಷ್ಟೋ ಕುಟುಂಬಗಳಲ್ಲಿದೆ. ಹೀಗೆ ಮುಚ್ಚಿಟ್ಟ ರೋಗಕ್ಕೆ ಕಾಲಾನಂತರ ಬೇರೆ ಬೇರೆ ಹೆಸರುಗಳು ಹುಟ್ಟಿಕೊಳ್ಳುತ್ತವೆ. ಅಜ್ಜಿಗೆ "ಸ್ವಲ್ಪ ದಮ್ಮು", ಚಿಕ್ಕಪ್ಪನಿಗೆ "ಧೂಳು ಆಗುವುದಿಲ್ಲ", ಸೋದರತ್ತೆಗೆ "ಮಳೆಗಾಲದ ಕೆಮ್ಮು". ರೋಗಿ ಬೇಸರಪಟ್ಟುಕೊಂಡಾನೆಂದು ಕೆಲವು ವೈದ್ಯರೂ "ವೀಸಿಂಗ್", "ಅಲರ್ಜಿಕ್ ಬ್ರಾಂಕೈಟಿಸ್" ಎಂಬ ಮೃದುವಾದ ಪದಗಳನ್ನು ಚೀಟಿಯಲ್ಲಿ ಬರೆಯುತ್ತಾರೆ. ಮುಂದೆ ಮೊಮ್ಮಗನಿಗೆ ಉಬ್ಬಸ ಬಂದಾಗ "ನಮ್ಮ ವಂಶದಲ್ಲೇ ಇಲ್ಲ" ಎಂಬ ಉತ್ತರ ಪ್ರಾಮಾಣಿಕವಾಗಿಯೇ ಬರುತ್ತದೆ, ಏಕೆಂದರೆ ಹೇಳುವವರಿಗೂ ಗೊತ್ತಿರುವುದಿಲ್ಲ. ಆದುದರಿಂದ ಮನೆಯ ಹಿರಿಯರನ್ನು "ಅಸ್ತಮಾ ಇತ್ತೇ?" ಎಂದು ಕೇಳಿ ಪ್ರಯೋಜನವಿಲ್ಲ. ಬೆಳಗಿನ ಜಾವ ಎದ್ದು ಕುಳಿತು ಕೆಮ್ಮುತ್ತಿದ್ದರೇ, ಎದೆಯಲ್ಲಿ ಸಿಳ್ಳೆಯಂಥ ಸದ್ದು ಕೇಳುತ್ತಿತ್ತೇ, ಧೂಳು ಗುಡಿಸಿದಾಗ ಸಾಲುಸಾಲಾಗಿ ಸೀನುತ್ತಿದ್ದರೇ ಎಂದು ಕೇಳಬೇಕು.

ಮೂಗು ನೀಡುವ ಮುನ್ಸೂಚನೆ

ವಂಶದಷ್ಟೇ ಮಹತ್ವದ, ಆದರೆ ಅದಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುವ ಅಂಶ ಅಲರ್ಜಿಯ ದೇಹಪ್ರಕೃತಿ. ಎಳೆಯ ಮಗುವಿನ ಕೆನ್ನೆ, ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಕಾಣಿಸುವ ತುರಿಕೆಯ ಇಸುಬು, ಕೆಲವು ವರ್ಷಗಳ ಬಳಿಕ ವರ್ಷವಿಡೀ ಬಿಡದ ನೆಗಡಿ, ಸೀನು, ಮೂಗಿನ ತುರಿಕೆ, ಆಮೇಲೆ ಉಬ್ಬಸ. ಎಲ್ಲ ಮಕ್ಕಳಲ್ಲೂ ಈ ಸರಣಿ ಪೂರ್ಣಗೊಳ್ಳುವುದಿಲ್ಲ. ಆದರೆ ಮೊದಲೆರಡು ಮೆಟ್ಟಿಲು ಹತ್ತಿದ ಮಗುವಿನ ಎದೆಯ ಕಡೆ ಗಮನವಿರಲೇಬೇಕು. ಧೂಳಿನ ನುಸಿ, ಜಿರಳೆ, ಬೂಷ್ಟು, ಪರಾಗ ಇವುಗಳ ವಿರುದ್ಧ ದೇಹವು ಅನಗತ್ಯವಾಗಿ ಸಮರ ಸಾರುವುದೇ ಇದರ ಮೂಲ. ಬರಿಗಣ್ಣಿಗೆ ಕಾಣದ ಧೂಳಿನ ನುಸಿಗೆ ಹಾಸಿಗೆ, ದಿಂಬುಗಳೇ ಮನೆ, ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಆಹಾರ, ಗಾಳಿಯಲ್ಲಿನ ತೇವವೇ ಪ್ರಾಣ. ಕರಾವಳಿ ಮತ್ತು ಮಲೆನಾಡಿನ ಮನೆಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ. ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದ ಹಳೆಯ ರೂಢಿಯಲ್ಲಿ ಅರ್ಥವಿತ್ತು.

"ಬರೀ ನೆಗಡಿ ತಾನೆ" ಎಂದು ಉದಾಸೀನ ಮಾಡುವವರು 2016ರ ನವೆಂಬರ್ 21ರಂದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ನಡೆದುದನ್ನು ತಿಳಿಯಬೇಕು. ಹುಲ್ಲಿನ ಪರಾಗ ಗಾಳಿಯಲ್ಲಿ ತುಂಬಿದ್ದ ಆ ದಿನ ಗುಡುಗು ಸಹಿತ ಬಿರುಗಾಳಿ ಬೀಸಿತು. ತೇವಕ್ಕೆ ಒಡೆದ ಪರಾಗದ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣದಾದವು. ಎರಡು ದಿನಗಳೊಳಗೆ ಸಾವಿರಾರು ಮಂದಿ ಏದುಸಿರು ಬಿಡುತ್ತ ಆಸ್ಪತ್ರೆಗಳಿಗೆ ಧಾವಿಸಿದರು. ಹತ್ತು ಮಂದಿ ಮೃತಪಟ್ಟರು. ಅಲ್ಲಿ ಬಂದವರಲ್ಲಿ ಬಹಳಷ್ಟು ಜನರಿಗೆ ಅಸ್ತಮಾ ಇದೆಯೆಂದು ಅದುವರೆಗೆ ಯಾರೂ ಹೇಳಿರಲಿಲ್ಲ, ಆದರೆ ಹೆಚ್ಚಿನವರಿಗೆ ಪರಾಗದ ನೆಗಡಿ ಇತ್ತು. ಭಾರತ ಹಾಗೂ ಏಷ್ಯಾದ ಇತರ ದೇಶಗಳ ಮೂಲದವರು ಅವರಲ್ಲಿ ಜನಸಂಖ್ಯೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಇದ್ದರು ಎಂಬುದನ್ನು ಅಲ್ಲಿ ನೆಲೆಸಿರುವ ನಮ್ಮವರು ನೆನಪಿನಲ್ಲಿಡುವುದು ಒಳ್ಳೆಯದು. ನಮ್ಮ ಊರುಗಳ ಖಾಲಿ ನಿವೇಶನಗಳನ್ನೆಲ್ಲ ಆಕ್ರಮಿಸಿರುವ ಪಾರ್ಥೇನಿಯಂ, ಅಂದರೆ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಇಂಥದೇ ನೆಗಡಿಯನ್ನೂ ಚರ್ಮದ ಅಲರ್ಜಿಯನ್ನೂ ತರುವ ಸಸ್ಯ.

ಸುಂಯ್‌ಗುಡುವ ಮಗುವೆಲ್ಲ ಅಸ್ತಮಾ ರೋಗಿಯಲ್ಲ

ಎಳೆಯ ಮಕ್ಕಳ ತಾಯ್ತಂದೆಯರಿಗೆ ಇಲ್ಲೊಂದು ಸಮಾಧಾನವಿದೆ. ಅಮೆರಿಕದ ಟೂಸಾನ್ ನಗರದಲ್ಲಿ 1980ರಿಂದ ಆರಂಭಿಸಿ, ಹುಟ್ಟಿದಂದಿನಿಂದಲೇ ಮಕ್ಕಳನ್ನು ಹಿಂಬಾಲಿಸಿ ನಡೆಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಮೂರು ವರ್ಷ ತುಂಬುವುದರೊಳಗೆ ಅಲ್ಲಿನ ಮೂರರಲ್ಲಿ ಒಂದು ಮಗುವಿಗೆ ಒಮ್ಮೆಯಾದರೂ ಎದೆ ಸುಂಯ್‌ಗುಟ್ಟಿತ್ತು. ಆದರೆ ಅವರಲ್ಲಿ ಸುಮಾರು ಶೇ. 60ರಷ್ಟು ಮಕ್ಕಳು ಆರು ವರ್ಷ ತುಂಬುವ ವೇಳೆಗೆ ಆ ತೊಂದರೆಯಿಂದ ಸಂಪೂರ್ಣ ಪಾರಾಗಿದ್ದರು. ಹಾಗಾದರೆ ಉಳಿಯುವವರು ಯಾರು? ಅದೇ ಅಧ್ಯಯನದ ಆಧಾರದಲ್ಲಿ 2000ದಲ್ಲಿ ಒಂದು ಸರಳ ಸೂಚ್ಯಂಕ ರೂಪುಗೊಂಡಿತು. ಪದೇ ಪದೇ ಸುಂಯ್‌ಗುಡುವ ಮಗುವಿನ ತಂದೆ ಅಥವಾ ತಾಯಿಗೆ ಅಸ್ತಮಾ ಇರಬೇಕು, ಇಲ್ಲವೆ ಮಗುವಿಗೇ ಇಸುಬು ಇರಬೇಕು. ಇವೆರಡೂ ಇಲ್ಲದಿದ್ದರೆ ಅಲರ್ಜಿಯ ನೆಗಡಿ, ಶೀತವಿಲ್ಲದ ದಿನಗಳಲ್ಲೂ ಸುಂಯ್‌ಗುಡುವುದು, ರಕ್ತದಲ್ಲಿ ಇಯೋಸಿನೋಫಿಲ್ ಕಣಗಳು ಶೇ. 4 ಅಥವಾ ಹೆಚ್ಚಿರುವುದು ಈ ಮೂರರಲ್ಲಿ ಎರಡಾದರೂ ಇರಬೇಕು. ಈ ಸೂಚ್ಯಂಕದ ನಿಜವಾದ ಉಪಯೋಗ ಭಯ ಹುಟ್ಟಿಸುವುದರಲ್ಲಿಲ್ಲ, ಭಯ ನಿವಾರಿಸುವುದರಲ್ಲಿದೆ: ಇದಕ್ಕೆ ಒಳಪಡದ ಮಕ್ಕಳಲ್ಲಿ ಶೇ. 95ಕ್ಕೂ ಹೆಚ್ಚಿನವರಿಗೆ 6ರಿಂದ 13ರ ವಯಸ್ಸಿನಲ್ಲಿ ಸಕ್ರಿಯ ಅಸ್ತಮಾ ಇರಲಿಲ್ಲ.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳು, ಹುಟ್ಟುವಾಗ ತೂಕ ಕಡಿಮೆಯಿದ್ದವರು, ಶೈಶವದಲ್ಲಿ ವೈರಸ್ ಸೋಂಕಿನಿಂದ ತೀವ್ರ ಉಸಿರಾಟದ ತೊಂದರೆಗೆ ಒಳಗಾಗಿ ಆಸ್ಪತ್ರೆ ಸೇರಿದ್ದವರು ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತಾರೆ. ಬಾಲ್ಯದಲ್ಲಿ ಗಂಡುಮಕ್ಕಳಿಗೆ ಅಪಾಯ ಜಾಸ್ತಿ; ಪ್ರೌಢಾವಸ್ಥೆ ದಾಟಿದ ಮೇಲೆ ಈ ತಕ್ಕಡಿ ಹೆಣ್ಣುಮಕ್ಕಳ ಕಡೆಗೆ ವಾಲುತ್ತದೆ. ಬೊಜ್ಜು ಎರಡೂ ಗುಂಪಿನವರಲ್ಲಿ ಅಪಾಯವನ್ನು ಏರಿಸುತ್ತದೆ.

ಊರಿನ ಪಾಲು

ಬೆಂಗಳೂರಿಗೆ ಬಂದರೆ ಅಸ್ತಮಾ ಬರುತ್ತದೆ ಎಂಬ ಮಾತು ನಾಡಿನಾದ್ಯಂತ ಪ್ರಚಲಿತ. ಇದರಲ್ಲಿ ಎಷ್ಟು ಹುರುಳಿದೆ? ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಬಂದ 20 ಸಾವಿರ ಮಕ್ಕಳ ಅಂಕಿಅಂಶ ಕಲೆಹಾಕಿದಾಗ, 1979ರಲ್ಲಿ ಶೇ. 9ರಷ್ಟಿದ್ದ ಅಸ್ತಮಾ ಪ್ರಮಾಣ 1999ರ ವೇಳೆಗೆ ಶೇ. 29.5ಕ್ಕೆ ಏರಿತ್ತು. ಈ ಸಂಖ್ಯೆಯನ್ನು ಬೆಂಗಳೂರಿನ ಮಕ್ಕಳಲ್ಲಿ ಮೂರನೆಯ ಒಂದು ಭಾಗಕ್ಕೆ ಅಸ್ತಮಾ ಇದೆ ಎಂದು ಓದಿಕೊಂಡವರುಂಟು. ಅದು ಸರಿಯಲ್ಲ, ಆಸ್ಪತ್ರೆಗೆ ಬರುವವರೇ ಬೇರೆ, ಊರಿನ ಒಟ್ಟು ಮಕ್ಕಳೇ ಬೇರೆ. ದೇಶದ 12 ಕೇಂದ್ರಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ 15 ವರ್ಷ ಮೇಲ್ಪಟ್ಟವರ ಅಸ್ತಮಾ ಪ್ರಮಾಣ ಕೇವಲ ಶೇ. 2.05 ಇತ್ತೆಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ವಯಸ್ಸು ಮತ್ತು ಎಣಿಸುವ ಬಗೆ ಬದಲಾದಂತೆ ಫಲಿತಾಂಶ ಎಷ್ಟು ಬದಲಾಗುತ್ತದೆ ಎಂಬುದು ತಿಳಿಯುತ್ತದೆ.

ಡಾ. ಪರಮೇಶ್ ಅವರ ಇನ್ನೊಂದು ಸಮೀಕ್ಷೆ ಹೆಚ್ಚು ಬೆಲೆಯುಳ್ಳದ್ದೆಂದು ನನಗನಿಸುತ್ತದೆ. ನಗರದ 12 ಶಾಲೆಗಳ 6,550 ಮಕ್ಕಳನ್ನು ಪರಿಶೀಲಿಸಿದಾಗ, ವಾಹನ ಸಂಚಾರ ಕಡಿಮೆಯಿರುವ ಪ್ರದೇಶದ ಶಾಲೆಗಳಲ್ಲಿ ಶೇ. 11.15, ದಟ್ಟ ಸಂಚಾರದ ಪ್ರದೇಶಗಳಲ್ಲಿ ಶೇ. 19.34, ದಟ್ಟ ಸಂಚಾರದ ಜೊತೆಗೆ ಬಡತನವೂ ಕೂಡಿದ ಕಡೆ ಶೇ. 31.14 ಮಕ್ಕಳಲ್ಲಿ ಅಸ್ತಮಾ ಕಂಡುಬಂತು. ಗ್ರಾಮಾಂತರದಲ್ಲಿ ಈ ಪ್ರಮಾಣ ಶೇ. 5.7 ಮಾತ್ರ. ಅಂದರೆ ದೂರಬೇಕಾದ್ದು ಬೆಂಗಳೂರಿನ ತಂಪು ಹವೆಯನ್ನಷ್ಟೇ ಅಲ್ಲ. ಒಂದೇ ಹವೆಯ ಕೆಳಗೆ ಯಾವ ರಸ್ತೆಯ ಪಕ್ಕ, ಎಂಥ ಮನೆಯಲ್ಲಿ ಬದುಕುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹಾಗೆಂದು ಎಲ್ಲವನ್ನೂ ಹೊಗೆಯ ತಲೆಗೆ ಕಟ್ಟಲಾಗದು. ಜರ್ಮನಿ ಒಂದಾದ ಬಳಿಕ ಎರಿಕಾ ಫಾನ್ ಮ್ಯೂಟಿಯಸ್ ಎಂಬ ವೈದ್ಯವಿಜ್ಞಾನಿ ಹೊಗೆ ಕವಿದ ಪೂರ್ವದ ನಗರಗಳಲ್ಲಿ ಅಲರ್ಜಿ ಹೆಚ್ಚಿರಬಹುದೆಂದು ನಿರೀಕ್ಷಿಸಿದ್ದರು. ಸಿಕ್ಕ ಫಲಿತಾಂಶ ತಿರುಗುಮುರುಗಾಗಿತ್ತು. ಶುಚಿಯಾದ, ಸಿರಿವಂತ ಪಶ್ಚಿಮದಲ್ಲೇ ಅಲರ್ಜಿ ಹೆಚ್ಚಾಗಿತ್ತು. 2016ರಲ್ಲಿ ಅಮೆರಿಕದ ಎರಡು ಕೃಷಿಕ ಸಮುದಾಯಗಳನ್ನು ಹೋಲಿಸಿದ ಅಧ್ಯಯನ ಇದಕ್ಕೆ ಇನ್ನಷ್ಟು ಬೆಳಕು ಚೆಲ್ಲಿತು. ಆಮಿಷ್ ಮತ್ತು ಹಟರೈಟ್ ಜನಾಂಗಗಳ ವಂಶಮೂಲ ಹತ್ತಿರದ್ದು, ಆಹಾರಕ್ರಮವೂ ಹೋಲುವಂಥದ್ದು. ಆಮಿಷ್ ಜನರ ಕೊಟ್ಟಿಗೆ ಮನೆಗೆ ಹೊಂದಿಕೊಂಡಿದ್ದು ಮಕ್ಕಳು ದನಗಳ ನಡುವೆಯೇ ಬೆಳೆಯುತ್ತಾರೆ. ಹಟರೈಟರದು ಮನೆಯಿಂದ ದೂರವಿರುವ ಯಂತ್ರಚಾಲಿತ ಬೃಹತ್ ಕೃಷಿ. ಆಮಿಷ್ ಮಕ್ಕಳಲ್ಲಿ ಅಸ್ತಮಾ ನಾಲ್ಕರಿಂದ ಆರು ಪಟ್ಟು ಕಡಿಮೆ. ಎಳವೆಯಲ್ಲಿ ನಾನಾ ಬಗೆಯ ಸೂಕ್ಷ್ಮಜೀವಿಗಳ ಪರಿಚಯವಾದ ದೇಹ ಪರಾಗ, ಧೂಳುಗಳನ್ನು ಶತ್ರುವೆಂದು ಭ್ರಮಿಸುವುದು ಕಡಿಮೆ ಎಂಬುದು ಇದರ ವಿವರಣೆ. ನಮ್ಮ ಹಳ್ಳಿಗಳ ಕಡಿಮೆ ಪ್ರಮಾಣಕ್ಕೂ ಇದೇ ಕಾರಣವಿರಬಹುದು. ಆದರೆ ಕೊಟ್ಟಿಗೆ ಕೊಡುವ ರಕ್ಷಣೆಯನ್ನು ಪಕ್ಕದ ಅಡುಗೆಮನೆ ಕಸಿದುಕೊಳ್ಳುವುದೂ ಉಂಟು.

ಮನೆಯೊಳಗಿನ ಹೊಗೆ

ಮೇಲೆ ಹೇಳಿದ 12 ಕೇಂದ್ರಗಳ ಸಮೀಕ್ಷೆ ಭಾರತೀಯರ ಅಪಾಯದ ಅಂಶಗಳನ್ನೂ ಗುರುತಿಸಿತು. ಹೆಚ್ಚುವ ವಯಸ್ಸು, ಧೂಮಪಾನ, ಮನೆಯಲ್ಲಿ ಇತರರು ಸೇದುವ ಹೊಗೆ, ಹತ್ತಿರದ ರಕ್ತಸಂಬಂಧಿಗಳಿಗೆ ಅಸ್ತಮಾ ಇರುವುದು, ಸೌದೆ ಬೆರಣಿಯಂಥ ಹೊಗೆಯುಗುಳುವ ಇಂಧನ. ಐದರಲ್ಲಿ ಮೂರು ಹೊಗೆಗೇ ಸಂಬಂಧಿಸಿದ್ದು! ಮನೆಗೆ ಅನಿಲ ಸಂಪರ್ಕ ಬಂದಿದ್ದರೂ ಸ್ನಾನದ ನೀರಿಗೆ, ಮುದ್ದೆಗೆ, ದನದ ಬೂಸಾ ಬೇಯಿಸಲಿಕ್ಕೆ ಸೌದೆ ಒಲೆಯೇ ಉರಿಯುತ್ತಿರುವ ಮನೆಗಳು ಇನ್ನೂ ಬೇಕಾದಷ್ಟಿವೆ. ಇದಲ್ಲದೆ ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಉರಿಯುವ ಸೊಳ್ಳೆಬತ್ತಿ. ಒಂದು ಸುರುಳಿ ಉರಿದು ಮುಗಿಯುವಷ್ಟರಲ್ಲಿ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳು ಹೊರಸೂಸುವಷ್ಟಿರುತ್ತವೆ ಎಂದು 2003ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಮಗುವಿನ ತೊಟ್ಟಿಲ ಬಳಿ ಸೊಳ್ಳೆಪರದೆಯೇ ಲೇಸು.

ದುಡಿಮೆಯ ಧೂಳು

ಅಸ್ತಮಾ ಬಾಲ್ಯದಲ್ಲೇ ಬರಬೇಕೆಂಬ ನಿಯಮವಿಲ್ಲ. ದೊಡ್ಡವರಾದ ಮೇಲೆ ಹೊಸದಾಗಿ ಕಾಣಿಸಿಕೊಳ್ಳುವ ಅಸ್ತಮಾ ಪ್ರಕರಣಗಳಲ್ಲಿ ಸುಮಾರು ಶೇ. 15ಕ್ಕೆ ದುಡಿಯುವ ಸ್ಥಳವೇ ಕಾರಣ ಎಂಬುದು ತಜ್ಞರ ಅಂದಾಜು. ನಮ್ಮಲ್ಲಿ ಅತ್ಯಂತ ಅಲಕ್ಷ್ಯಕ್ಕೆ ಒಳಗಾಗಿರುವುದು ಈ ಬಾಬ್ತು. ಬೇಕರಿಯ ಮೈದಾ ಹಿಟ್ಟು, ಗ್ಯಾರೇಜಿನಲ್ಲಿ ವಾಹನಗಳಿಗೆ ಸಿಂಪಡಿಸುವ ಬಣ್ಣದಲ್ಲಿನ ಐಸೊಸಯನೇಟ್, ಮರಗೆಲಸದ ಹೊಟ್ಟು ಜಗತ್ತಿನೆಲ್ಲೆಡೆ ಕುಖ್ಯಾತವಾದವು. ಕರ್ನಾಟಕಕ್ಕೆ ವಿಶೇಷವಾಗಿ ಸಲ್ಲುವ ಎರಡನ್ನು ಸೇರಿಸಬೇಕು. ರಾಮನಗರ, ಶಿಡ್ಲಘಟ್ಟಗಳಲ್ಲಿ ರೇಷ್ಮೆ ಗೂಡುಗಳಿಂದ ನೂಲು ತೆಗೆಯುವ ಕೆಲಸದಲ್ಲಿ ಏಳುವ ಗೂಡಿನ ಧೂಳು ಮತ್ತು ಚಿಟ್ಟೆಯ ರೆಕ್ಕೆಯ ಹುಡಿ ಒಂದು. ಚಿಕ್ಕಮಗಳೂರು, ಹಾಸನ, ಕೊಡಗಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹುರಿಯದ ಕಾಫಿ ಬೀಜದ ಧೂಳು ಇನ್ನೊಂದು. ಎರಡೂ ಅಲರ್ಜಿಯ ಅಸ್ತಮಾ ತರಬಲ್ಲ ಪದಾರ್ಥಗಳೆಂದು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ.

ಇಂಥ ಅಸ್ತಮಾದ ಮೋಸವಿರುವುದು ಅದು ತೆಗೆದುಕೊಳ್ಳುವ ಕಾಲಾವಕಾಶದಲ್ಲಿ. ಕೆಲಸಕ್ಕೆ ಸೇರಿದ ದಿನವೇ ಅದು ಬರುವುದಿಲ್ಲ. ದೇಹ ಆ ಧೂಳಿಗೆ ವಿರೋಧ ಬೆಳೆಸಿಕೊಳ್ಳಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ. "ಹತ್ತು ವರ್ಷದಿಂದ ಇದೇ ಕೆಲಸ, ಏನೂ ಆಗಿಲ್ಲ, ಈಗೇಕೆ ಆಗುತ್ತದೆ" ಎಂಬ ವಾದ ಆದುದರಿಂದಲೇ ನಿಲ್ಲುವುದಿಲ್ಲ. ಆರಂಭದಲ್ಲಿ ಮೂಗು ಕಣ್ಣುಗಳಲ್ಲಿ ನೀರು, ಬಳಿಕ ಸಂಜೆಯ ಹೊತ್ತಿಗೆ ಕೆಮ್ಮು. ವಾರದ ರಜೆಯಲ್ಲಿ, ಹಬ್ಬಕ್ಕೆ ಊರಿಗೆ ಹೋದಾಗ ಹಗುರ. ಮರಳಿ ಕೆಲಸಕ್ಕೆ ಬಂದೊಡನೆ ಮತ್ತೆ ಶುರು. ಈ ಏರಿಳಿತವೇ ಅದರ ಗುರುತು. ಬೇಗ ಗುರುತಿಸಿ ಆ ಧೂಳಿನಿಂದ ದೂರ ಸರಿದವರು ಗುಣಮುಖರಾಗುವ ಅವಕಾಶ ಹೆಚ್ಚು. ವರ್ಷಗಟ್ಟಲೆ ಸಹಿಸಿಕೊಂಡವರಲ್ಲಿ ಕೆಲಸ ಬಿಟ್ಟ ಮೇಲೂ ರೋಗ ಉಳಿಯಬಹುದು. ದಿನಗೂಲಿಯ ಮೇಲೆ ಬದುಕುವವನಿಗೆ ಕೆಲಸ ಬಿಡು ಎನ್ನುವುದು ಸುಲಭದ ಸಲಹೆಯಲ್ಲ ಎಂಬುದು ನಿಜವೇ. ಅದೇ ಕಾರ್ಖಾನೆಯಲ್ಲಿ ಧೂಳಿಲ್ಲದ ವಿಭಾಗಕ್ಕೆ ಬದಲಾಯಿಸಿಕೊಳ್ಳುವುದು, ಧೂಳು ಏಳುವ ಕಡೆ ಗಾಳಿ ಹೊರಸೆಳೆಯುವ ಪಂಕ ಅಳವಡಿಸುವುದು ಸಾಧ್ಯವಿರುವ ಕಡೆಗಳಲ್ಲಾದರೂ ಆಗಬೇಕು.

ಮೇಲೆ ವಿವರಿಸಿದ ಅಂಶಗಳಲ್ಲಿ ಎರಡು ಮೂರು ತಮಗೆ ಅನ್ವಯಿಸುತ್ತವೆ ಎಂದು ಕಂಡುಬಂದ ಓದುಗರು ಗಾಬರಿಯಾಗಬೇಕಿಲ್ಲ. ಅಪಾಯವಿರುವವರೆಲ್ಲರಿಗೂ ರೋಗ ಬರುವುದಿಲ್ಲ. ಆದರೆ ಜೊತೆಗೆ ರಾತ್ರಿಯ ಕೆಮ್ಮು, ಎದೆಬಿಗಿತ, ಸುಂಯ್‌ಗುಡುವುದು ಇದ್ದರೆ ವೈದ್ಯರನ್ನು ಕಾಣಬೇಕು. ಹೋಗುವಾಗ ಮನೆಯವರ ಉಸಿರಾಟದ ಚರಿತ್ರೆಯನ್ನೂ ಮಾಡುವ ಕೆಲಸದ ವಿವರವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅನುಕೂಲ. ಎದೆಯ ಕ್ಷ-ಕಿರಣ ಚಿತ್ರ ಅಸ್ತಮಾ ರೋಗಿಗಳಲ್ಲಿ ಹೆಚ್ಚಾಗಿ ಸಹಜವಾಗಿಯೇ ಇರುತ್ತದೆ. ಬೇಕಾದದ್ದು ಊದಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣ, ಔಷಧಿ ಸೇದಿದ ಬಳಿಕ ಶೇ. 12 ಹಾಗೂ 200 ಮಿಲಿಲೀಟರಿಗಿಂತ ಹೆಚ್ಚಾದರೆ ಅದು ವಯಸ್ಕರಲ್ಲಿ ಅಸ್ತಮಾಕ್ಕೆ ಬಲವಾದ ಪುಷ್ಟಿ. ಚೆನ್ನಾಗಿರುವ ದಿನ ಊದಿದರೆ ಫಲಿತಾಂಶ ಸಹಜವಾಗಿಯೇ ಬರಬಹುದು. ಆದ್ದರಿಂದ ಅನುಮಾನ ಉಳಿದಿದ್ದಲ್ಲಿ ತೊಂದರೆಯಿರುವ ದಿನ ಮತ್ತೊಮ್ಮೆ ಊದಿಸಿ ನೋಡುತ್ತಾರೆ.